ಬಿಡ್ತೀನಿ ಅನ್ನೋದು ಬೇರೆ, ಬಿಡೋದು ಬೇರೆ

ಚಾಮರಾಜನಗರದ ಬಗ್ಗೆ ಬೇರೆ ಜಿಲ್ಲೆಯವರಿಗೆ ಸಾಮಾನ್ಯವಾಗಿ ಗೊತ್ತಿರೋದು ಎರಡೇ ವಿಷಯ. ಒಂದು ಬಂಡೀಪುರದ ಹುಲಿ. ಇನ್ನೊಂದು, ಇಲ್ಲಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳ್ಕೊಳ್ತಾರೆ ಅನ್ನೋ ನಂಬಿಕೆ. ಇದಕ್ಕೆ ಹೆದರಿ ಎಷ್ಟೋ ಮುಖ್ಯಮಂತ್ರಿಗಳು ದಶಕಗಳ ಕಾಲ ಈ ಊರಿನ ಕಡೆ ತಲೆ ಹಾಕಲಿಲ್ಲ. 2013ರಿಂದ 2018ರವರೆಗೆ ಸಿದ್ದರಾಮಯ್ಯ ಅವರು ಮತ್ತೆ ಮತ್ತೆ ಬಂದು ಹೋಗಿಯೂ ಐದು ವರ್ಷ ಪೂರ್ತಿ ಮಾಡಿದರು, ಆದರೂ ಆ ಮಾತು ಪೂರ್ತಿ ಹೋಗಿಲ್ಲ. ಕೆಲಸ ಹೋದೀತು ಅನ್ನೋ ಭಯ ಮನುಷ್ಯನ ನಡವಳಿಕೆಯನ್ನ ಎಷ್ಟು ಬದಲಾಯಿಸುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಗಲಿಲ್ಲ. ಗಮನಿಸಿ, ಕೆಲಸ ನಿಜವಾಗಿ ಹೋಗಬೇಕಾಗಿಲ್ಲ. ಹೋಗಬಹುದು ಅಂತ ಅನ್ನಿಸಿದರೆ ಸಾಕು.

ಈ ಲೇಖನ ಆ ‘ಅನ್ನಿಸೋದರ’ ಬಗ್ಗೆ. ನಾವು ಅಂದರೆ ನಮ್ಮ ಕನ್ನಡ ಬಳಗದ ನಾಲ್ಕು ಜನ, ಎಲ್ಲರೂ ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರು. ದಸರಾ ರಜೆಗೆ ಊರಿಗೆ ಹೋದಾಗ ಕೆಲವರನ್ನ ಮಾತಾಡಿಸಿದ್ವಿ. ಇದು ಸರ್ವೆ ಅಲ್ಲ, ಟೀ ಕುಡೀತಾ ಕೇಳಿದ್ದು. ಯಾರ ಹೆಸರನ್ನೂ ಹಾಕಿಲ್ಲ. ಯಾಕೆ ಅನ್ನೋದು ಓದ್ತಾ ಹೋದರೆ ನಿಮಗೇ ಗೊತ್ತಾಗುತ್ತೆ.

ಮೊದಲು ಸ್ವಲ್ಪ ಥಿಯರಿ. ಬೇಜಾರು ಮಾಡ್ಕೋಬೇಡಿ, ಬೇಗ ಮುಗಿಸ್ತೀವಿ.

ಸೀನಿಯರ್‌ಗಳ ಮ್ಯಾನೇಜ್‌ಮೆಂಟ್ ನೋಟ್ಸ್ ತೆಗೆದರೆ ಉದ್ಯೋಗ ಭದ್ರತೆ ಎರಡು ಕಡೆ ಬರುತ್ತೆ. ಮಾಸ್ಲೋನ ಪಿರಮಿಡ್‌ನಲ್ಲಿ ಕೆಳಗಿನಿಂದ ಎರಡನೇ ಮೆಟ್ಟಿಲಲ್ಲಿ, ಮತ್ತೆ ಹರ್ಜ್‌ಬರ್ಗ್‌ನ ‘ಹೈಜೀನ್’ ಅಂಶಗಳ ಪಟ್ಟಿಯಲ್ಲಿ. ಹರ್ಜ್‌ಬರ್ಗ್ ಹೇಳೋದು ಇಷ್ಟು: ಭದ್ರತೆ ಇದ್ದ ಮಾತ್ರಕ್ಕೆ ಯಾರೂ ಖುಷಿಯಿಂದ ಕುಣಿಯಲ್ಲ, ಆದರೆ ಇಲ್ಲದಿದ್ದರೆ ಅಸಮಾಧಾನ ಗ್ಯಾರಂಟಿ. ಮನೆಯಲ್ಲಿ ನಲ್ಲಿ ನೀರು ಬರೋ ಹಾಗೆ. ಬರ್ತಿದ್ದರೆ ಅದರ ಬಗ್ಗೆ ಯಾರೂ ಮಾತಾಡಲ್ಲ.

ಪರೀಕ್ಷೆಗೆ ಅಷ್ಟು ಸಾಕು. ವಿಷಯಕ್ಕೆ ಸಾಲಲ್ಲ. 1984ರಲ್ಲಿ ಗ್ರೀನ್‌ಹಾಲ್ ಮತ್ತು ರೋಸೆನ್‌ಬ್ಲಾಟ್ ಅನ್ನೋ ಇಬ್ಬರು ಕೆಲಸದ ಅಭದ್ರತೆಯನ್ನ ಬಿಡಿಸಿ ನೋಡಿದರು. ಅವರ ಪ್ರಕಾರ ಅದರಲ್ಲಿ ಎರಡು ಭಾಗ ಇದೆ. ಕೆಲಸಕ್ಕೆ ಎಷ್ಟು ಅಪಾಯ ಇದೆ ಅಂತ ಅನ್ನಿಸುತ್ತೆ ಅನ್ನೋದು ಒಂದು, ಆ ಅಪಾಯದ ಎದುರು ನನ್ನ ಕೈಯಲ್ಲಿ ಏನೂ ಇಲ್ಲ ಅನ್ನೋ ಭಾವ ಇನ್ನೊಂದು. ಆಮೇಲೆ ಸ್ವೀಡನ್ನಿನ ಸಂಶೋಧಕರು ಇನ್ನೊಂದು ವ್ಯತ್ಯಾಸ ತೋರಿಸಿದರು: ಕೆಲಸವೇ ಹೋಗೋ ಭಯ ಬೇರೆ, ಕೆಲಸ ಉಳಿದು ಅದರ ಒಳಗಿನ ಒಳ್ಳೇದು ಹೋಗೋ ಭಯ ಬೇರೆ. ಜಾಗ, ಸಮಯ, ಪ್ರಮೋಷನ್, ಮರ್ಯಾದೆ ಇವೆಲ್ಲ ಎರಡನೇದರಲ್ಲಿ ಬರುತ್ತೆ. ಅವರಲ್ಲೇ ಸ್ವೆರ್ಕೆ ಮತ್ತು ಜೊತೆಗಾರರು 2002ರಲ್ಲಿ ಹಿಂದಿನ ಹತ್ತಾರು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಚಿತ್ರ ನಾವು ಊಹಿಸೋ ಹಾಗೇ ಇದೆ. ಅಭದ್ರತೆ ಜಾಸ್ತಿ ಆದಷ್ಟೂ ತೃಪ್ತಿ ಕಡಿಮೆ, ಸಂಸ್ಥೆಯ ಮೇಲಿನ ನಂಬಿಕೆ ಕಡಿಮೆ, ಬಿಡಬೇಕು ಅನ್ನೋ ಯೋಚನೆ ಜಾಸ್ತಿ.

ಇಲ್ಲಿ ‘ಯೋಚನೆ’ ಅನ್ನೋ ಪದಕ್ಕೆ ಗೆರೆ ಎಳೆಯಿರಿ. ಬಿಡೋ ಯೋಚನೆ ಬರೋದಕ್ಕೂ ನಿಜವಾಗಿ ಬಿಡೋದಕ್ಕೂ ನಡುವೆ ಒಂದು ಹಳ್ಳ ಇದೆ. 1958ರಲ್ಲೇ ಮಾರ್ಚ್ ಮತ್ತು ಸೈಮನ್ ಹೇಳಿದ್ದರು, ಒಬ್ಬ ಬಿಡ್ತಾನಾ ಇಲ್ವಾ ಅನ್ನೋದು ಬಿಡೋ ಆಸೆ ಎಷ್ಟಿದೆ, ಬಿಡೋದು ಎಷ್ಟು ಸುಲಭ ಅನ್ನೋ ಎರಡರ ಮೇಲೂ ನಿಂತಿದೆ ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡಯೋಡ್ ಥರ. ವೋಲ್ಟೇಜ್ ಏರ್ತಾ ಇರುತ್ತೆ, ಆದರೆ 0.7 ವೋಲ್ಟ್ ಹತ್ತಿರ ಬರೋ ತನಕ ಕರೆಂಟ್ ಹೆಚ್ಚುಕಮ್ಮಿ ಹರಿಯೋದೇ ಇಲ್ಲ. ಹೊರಗಿಂದ ಮೀಟರ್ ಇಟ್ಟು ನೋಡಿದವನು ‘ಇಲ್ಲಿ ಏನೂ ಆಗ್ತಿಲ್ಲ’ ಅಂತ ಬರ್ಕೋತಾನೆ.

ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಆ 0.7ರ ಕೆಳಗೇ ವರ್ಷಗಟ್ಟಲೆ ಇದ್ದಾರೆ ಅನ್ನೋದು ನಮ್ಮ ಅನಿಸಿಕೆ.

ಮೊದಲು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇವರು ಹತ್ತು ಸಾವಿರಕ್ಕೂ ಹೆಚ್ಚಿದ್ದಾರೆ. ಡಿಗ್ರಿ ಓದೋ ನಮ್ಮ ಅಕ್ಕ ತಂಗಿಯರಿಗೆ, ಪಿಯುಸಿ ಗೆಳೆಯರಿಗೆ ಪಾಠ ಮಾಡ್ತಿರೋರಲ್ಲಿ ಅರ್ಧಕ್ಕರ್ಧ ಇವರೇ ಅನ್ನೋ ಕಾಲೇಜುಗಳೂ ಇವೆ. ವರ್ಷವರ್ಷ ಆನ್‌ಲೈನ್ ಕೌನ್ಸೆಲಿಂಗ್, ವರ್ಷವರ್ಷ ಹೊಸ ಆದೇಶ. ಖಾಯಂ ಉಪನ್ಯಾಸಕರೊಬ್ಬರು ವರ್ಗಾವಣೆ ಆಗಿ ಆ ಕಾಲೇಜಿಗೆ ಬಂದರೆ ಅತಿಥಿಗೆ ಗಂಟುಮೂಟೆ. ಗುಂಡ್ಲುಪೇಟೆ ಕಡೆಯ ಒಬ್ಬ ಮೇಷ್ಟ್ರು ನಮಗೆ ಕೇಳಿದ ಮೊದಲ ಪ್ರಶ್ನೆಯೇ ಇದು: ‘ಹನ್ನೊಂದು ವರ್ಸ ಉಳ್ಕಂಡಿರ ಅತಿಥಿನ ನೀವು ಎಲ್ಲಾರ ನೋಡಿದ್ದೀರೇನ್ರಪ್ಪಾ?’

ಇಲ್ಲಿ ಒಂದು ವಿಷಯ ನಮ್ಮ ತಲೆ ಕೆಡಿಸಿತು. 2022ರ ಜನವರಿಗೆ ಮುಂಚೆ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000 ರೂಪಾಯಿ ಗೌರವಧನ ಇತ್ತು. ದೊಡ್ಡ ಮುಷ್ಕರ ಆದ ಮೇಲೆ ಆ ಜನವರಿಯಲ್ಲಿ ಸರ್ಕಾರ ಅದನ್ನ ಅರ್ಹತೆ ಮತ್ತು ಅನುಭವ ನೋಡಿ 26,000ದಿಂದ 32,000ದವರೆಗೆ ಏರಿಸಿತು. ಅಂದರೆ ಒಂದೇ ಏಟಿಗೆ ಎರಡು ಪಟ್ಟಿಗಿಂತ ಜಾಸ್ತಿ. ಯಾವ ಕಂಪನಿಯಲ್ಲಿ ಇಂಥ ಹೈಕ್ ಕೊಡ್ತಾರೆ ಹೇಳಿ? ನಾವು ಕಲಿತ ಲೆಕ್ಕದ ಪ್ರಕಾರ ಅಲ್ಲಿಗೆ ಗಲಾಟೆ ಮುಗೀಬೇಕಿತ್ತು. ಮುಗೀಲಿಲ್ಲ. 2023ರ ನವೆಂಬರ್‌ನಲ್ಲಿ ಮತ್ತೆ ತರಗತಿ ಬಿಟ್ಟು ಧರಣಿ ಕೂತರು, ಹೊಸ ವರ್ಷಕ್ಕೆ ತುಮಕೂರಿಂದ ಬೆಂಗಳೂರಿಗೆ ನಡ್ಕೊಂಡು ಹೋದರು. ಈ ಸಲ ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಇದ್ದ ಬೇಡಿಕೆ ಸಂಬಳ ಅಲ್ಲ, ‘ಸೇವಾ ಭದ್ರತೆ, ಖಾಯಮಾತಿ’.

ಇದರ ಹಿಂದೆ ಇನ್ನೊಂದು ತಿರುವು ಇದೆ. ಗೌರವಧನ ಏರಿಸಿದ ಅದೇ ಸಲ ಒಬ್ಬೊಬ್ಬರ ಕಾರ್ಯಭಾರವನ್ನೂ ವಾರಕ್ಕೆ 15 ಗಂಟೆಗೆ ಏರಿಸಿದರು. ಮೊದಲು ಇಬ್ಬರು ಹಂಚ್ಕೊಳ್ತಿದ್ದ ಪಾಠ ಈಗ ಒಬ್ಬರಿಗೆ. ಉಳಿದವರ ಸಂಬಳ ಏರಿತು, ಉಳೀತೀನಾ ಅನ್ನೋ ಪ್ರಶ್ನೆಯೂ ಜೊತೆಗೇ ಏರಿತು. ದುಡ್ಡು ಜಾಸ್ತಿ ಆದಾಗ ಕಳ್ಕೊಳ್ಳೋದಕ್ಕೂ ಜಾಸ್ತಿ ಇರುತ್ತೆ ಅಲ್ವಾ? ಸಂಬಳ ಒಂದು ಪ್ರಶ್ನೆಗೆ ಉತ್ತರ, ಭದ್ರತೆ ಇನ್ನೊಂದು ಪ್ರಶ್ನೆ. ಒಂದರ ಉತ್ತರವನ್ನ ಇನ್ನೊಂದರ ಕೆಳಗೆ ಬರೆದರೆ ಮಾರ್ಕ್ಸ್ ಬರಲ್ಲ.

ಹಾಗಾದರೆ ಇವರು ಬಿಟ್ಟು ಹೋಗಲ್ಲ ಯಾಕೆ? ಅದೇ ಮೇಷ್ಟ್ರನ್ನ ಕೇಳಿದ್ವಿ. ಅವರು ನಕ್ಕರು.

‘ಮೂರ್ನೇ ವರ್ಸದಲ್ಲೇ ಬುಟ್ಟಿದ್ರ ಬುಡಬೈದಾಗಿತ್ತು. ಆಗ ವಯಸ್ಸಿತ್ತು. ಎಂಟು ಆದ್‌ಮ್ಯಾಲ ಹೆಂಗ್ ಬುಡದು? ಇನ್ನೆರಡು ವರ್ಸ ತಳ್ಳುದ್ರ ಹತ್ತು ಆಯ್ತದಲ್ಲ ಅಂತ ತಳ್ದೆ. ಹತ್ತೂ ಆಯ್ತು.’

ಈ ‘ಹತ್ತು’ ಎಲ್ಲಿಂದ ಬಂತು ಅಂತ ಹುಡುಕಿದಾಗ ನಮಗೆ ಸಿಕ್ಕಿದ್ದು ನಮ್ಮದೇ ರಾಜ್ಯದ ಒಂದು ಕೇಸು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿ ಮೇಲೆ ವರ್ಷಗಟ್ಟಲೆ ದುಡಿದವರು ಖಾಯಂ ಮಾಡಿ ಅಂತ ಕೇಳಿದ ಪ್ರಕರಣ. ಅದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠದವರೆಗೂ ಹೋಗಿ, 2006ರ ಏಪ್ರಿಲ್ 10ರಂದು ತೀರ್ಪು ಬಂತು. ದೇಶದ ಯಾವ ಮೂಲೆಯ ಗುತ್ತಿಗೆ ನೌಕರರನ್ನ ಕೇಳಿದರೂ ‘ಉಮಾದೇವಿ ಕೇಸು’ ಅಂದರೆ ಗೊತ್ತಾಗುತ್ತೆ. ಸುಮ್ಮನೆ ವರ್ಷ ಕಳೆದ ಮಾತ್ರಕ್ಕೆ ಖಾಯಂ ಆಗೋ ಹಕ್ಕು ಬರಲ್ಲ, ಸರ್ಕಾರಿ ಹುದ್ದೆ ಎಲ್ಲರಿಗೂ ತೆರೆದ ಆಯ್ಕೆಯಿಂದಲೇ ತುಂಬಬೇಕು ಅಂತ ಕೋರ್ಟ್ ಹೇಳಿತು. ಜೊತೆಗೆ ಒಂದು ಸಣ್ಣ ಕಿಟಕಿ ತೆರೆದಿಟ್ಟಿತು. ಮಂಜೂರಾದ ಹುದ್ದೆಯಲ್ಲಿ, ಕೋರ್ಟ್ ಆದೇಶದ ಆಸರೆ ಇಲ್ಲದೆ, ಆಗಲೇ ಹತ್ತು ವರ್ಷ ದುಡಿದ ಅರ್ಹರನ್ನ ಒಂದೇ ಒಂದು ಸಲ ಪರಿಗಣಿಸಬಹುದು ಅಂತ.

ಆ ಕಿಟಕಿ ಅವತ್ತಿನವರಿಗೆ. ಇವತ್ತಿನ ಅತಿಥಿ ಉಪನ್ಯಾಸಕರಿಗೆ ಅದು ತಾನಾಗಿ ಅನ್ವಯ ಆಗಲ್ಲ. ಆದರೆ ಹತ್ತು ಅನ್ನೋ ಸಂಖ್ಯೆ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನ ಸರ್ಕಾರವೂ ಬಿಟ್ಟಿಲ್ಲ: ಕಳೆದ ಮುಷ್ಕರದ ನಂತರ ಘೋಷಿಸಿದ ಸವಲತ್ತುಗಳಲ್ಲೂ, 60 ತುಂಬಿದಾಗ ಕೊಡೋ 5 ಲಕ್ಷದ ಇಡುಗಂಟಲ್ಲೂ, ಸೇವೆಯ ವರ್ಷಗಳದ್ದೇ ಲೆಕ್ಕ. ಹೀಗಾಗಿ ಕಳೆದ ವರ್ಷಗಳೇ ಇವರ ಕೈಯಲ್ಲಿರೋ ಆಸ್ತಿ. ಬಿಟ್ಟರೆ ಆ ಆಸ್ತಿ ಸೊನ್ನೆ. ಭದ್ರತೆ ಇವರನ್ನ ಹಿಡಿದಿಟ್ಟಿಲ್ಲ, ಭದ್ರತೆ ಸಿಕ್ಕೀತು ಅನ್ನೋ ಆಸೆ ಹಿಡಿದಿಟ್ಟಿದೆ. ಪುಸ್ತಕಗಳಲ್ಲಿ ಈ ಎರಡನ್ನ ಬೇರೆ ಮಾಡಿ ಹೇಳಿದ್ದು ನಮಗೆ ಹೆಚ್ಚು ಕಾಣಲಿಲ್ಲ. ನಮ್ಮ ಊರಲ್ಲಿ ಅದೇ ಮುಖ್ಯ ಅನ್ನಿಸ್ತು.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನ ದೀರ್ಘಕಾಲ ದುಡಿದವರ ವಿರುದ್ಧ ಗುರಾಣಿ ಥರ ಬಳಸೋ ಹಾಗಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದೆ. ಮೇಷ್ಟ್ರಿಗೆ ಅದರ ವಾಟ್ಸಾಪ್ ಫಾರ್ವರ್ಡ್ ನಮಗಿಂತ ಮೊದಲೇ ಬಂದಿತ್ತು.

ಇನ್ನು ಅವರ ಪಾಠ ಹೇಗಿದೆ ಅಂತ ನೀವು ಕೇಳಬಹುದು. ಅಭದ್ರತೆ ಇದ್ದವರು ಕೆಲಸ ಕೆಡಿಸ್ತಾರೆ ಅನ್ನೋದು ಸುಲಭದ ಊಹೆ, ಆದರೆ 2002ರ ಆ ಅಧ್ಯಯನದಲ್ಲೂ ಕೆಲಸದ ಗುಣಮಟ್ಟಕ್ಕೂ ಅಭದ್ರತೆಗೂ ಇರೋ ನಂಟು ಮನೋಭಾವದ ನಂಟಿನಷ್ಟು ಗಟ್ಟಿ ಅಲ್ಲ. ಮೇಷ್ಟ್ರು ಸಿಲಬಸ್ ಮುಗಿಸ್ತಾರೆ, ಎನ್‌ಎಸ್‌ಎಸ್ ಕ್ಯಾಂಪ್‌ಗೂ ಹೋಗ್ತಾರೆ. ಮಾಡದೇ ಇರೋದು ಏನಂದ್ರೆ, ಸ್ಟಾಫ್ ಮೀಟಿಂಗ್‌ನಲ್ಲಿ ಬಾಯಿ ಬಿಡಲ್ಲ. ‘ಮುಂದಿನ ವರ್ಸದ ಕಾರ್ಯಭಾರ ಯಾರ್ ಕೈಲಿ ಅದ ಅಂತ ಗೊತ್ತಲ್ಲ’ ಅಂದರು.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಬಂಡೀಪುರ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ಮೊದಲ ಕಾಡುಗಳಲ್ಲಿ ಇದೂ ಒಂದು. ಪ್ರವಾಸಿಗರು ಸಫಾರಿ ಜೀಪ್ ನೋಡ್ತಾರೆ. ಕಾಡಿನ ಒಳಗೆ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಇದ್ದು, ದಿನಾ ನಡೆದು ಕಾವಲು ಮಾಡೋ ವಾಚರ್‌ಗಳು ಕಾಣಲ್ಲ. ಇವರಲ್ಲಿ ತುಂಬ ಜನ ಕಾಡಂಚಿನ ಊರುಗಳವರು, ಜೇನು ಕುರುಬ, ಸೋಲಿಗ ಹಾಡಿಗಳವರು. ಅನೇಕರು ದಿನಗೂಲಿ ಅಥವಾ ಹೊರಗುತ್ತಿಗೆ ಮೇಲೆ. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಕಡಿಯೋದೂ, ಬೆಂಕಿ ಬಿದ್ದರೆ ಸೊಪ್ಪು ಹಿಡ್ಕೊಂಡು ಬಡಿಯೋದೂ ಇವರೇ. 2019ರ ಫೆಬ್ರವರಿಯ ದೊಡ್ಡ ಬೆಂಕಿ ನಿಮಗೆ ನೆನಪಿರಬಹುದು, ಆಗ ನಾವು ಸ್ಕೂಲಲ್ಲಿದ್ವಿ. ‘ಅತ್ತ ದರಿ ಇತ್ತ ಪುಲಿ’ ಅನ್ನೋ ಗಾದೆ ಬೇರೆಯವರಿಗೆ ಗಾದೆ, ಇವರಿಗೆ ಡ್ಯೂಟಿ.

ಮೇಷ್ಟ್ರ ಕಥೆಗೂ ಇವರ ಕಥೆಗೂ ಒಂದು ವ್ಯತ್ಯಾಸ ಇದೆ. ಮೇಷ್ಟ್ರ ಎಂಎ ಬೇರೆ ಊರಲ್ಲೂ ನಡೆಯುತ್ತೆ. ವಾಚರ್‌ನ ವಿದ್ಯೆ ಆ ಕಾಡಿನ ಗಡಿ ದಾಟಿದರೆ ನಡೆಯಲ್ಲ. ಹತ್ತಿರದ ಊರಿನ ಒಬ್ಬರು ಹೇಳಿದ್ದು ಹಾಗೇ ಕೊಡ್ತೀವಿ: ‘ಕಾಡ ಬುಟ್ಟು ಪ್ಯಾಟಗ ಹೋಗಿ ಏನ್ ಮಾಡನಪ್ಪ? ಆನ ಲದ್ದಿ ನೋಡಿ ಎಷ್ಟೊತ್ನಲ್ಲಿ ಹೋಗದ ಅಂತ ಯೇಳದ್ಕ ಅಲ್ಲಿ ಯಾರ್ ಸಂಬ್ಳ ಕೊಟ್ಟಾರು?’ ಬಿಡೋ ಯೋಚನೆ ಬರಲ್ವಾ ಅಂತ ಕೇಳಿದಾಗ, ಸಂಬಳ ತಡ ಆದಾಗ ಬರ್ತದ, ಬೆಳಿಗ್ಗೆ ಕಾಡಿಗ ಹೋದ್ರ ಹೋಯ್ತದ ಅಂದರು. ಮೆಯರ್ ಮತ್ತು ಆಲೆನ್ ಅನ್ನೋರು ಕೆಲಸಕ್ಕೆ ಅಂಟಿಕೊಳ್ಳೋದರಲ್ಲಿ ಮೂರು ಬಗೆ ಹೇಳ್ತಾರೆ: ಪ್ರೀತಿಯಿಂದ ಇರೋದು, ಬಿಟ್ಟರೆ ನಷ್ಟ ಅಂತ ಇರೋದು, ಇರಬೇಕಾದ್ದು ಧರ್ಮ ಅಂತ ಇರೋದು. ಈ ಒಬ್ಬ ಮನುಷ್ಯನಲ್ಲಿ ಮೂರೂ ಇದ್ದವು. ಇಲ್ಲದಿದ್ದದ್ದು ಭದ್ರತೆ ಒಂದೇ.

ಇಂಥವರಿಗಾಗಿ ಮಧ್ಯದ ದಾರಿ ಒಂದನ್ನ ರಾಜ್ಯ ಕಂಡುಕೊಂಡಿದೆ. 2012ರ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಅದು. ಅದರ ಪಟ್ಟಿಗೆ ಸೇರಿದ ಹಳೆಯ ದಿನಗೂಲಿಗಳು ಖಾಯಂ ಅನ್ನಿಸ್ಕೊಳ್ಳಲ್ಲ, ಆದರೆ 60 ವರ್ಷದವರೆಗೆ ಮುಂದುವರಿಯಬಹುದು. ಹೊರಗುತ್ತಿಗೆಯವರು ಅದರ ಹೊರಗೆ. ಪದದಲ್ಲೇ ಇದೆ ನೋಡಿ, ‘ಹೊರ’ ಅಂತ.

ಭದ್ರತೆ ಇದ್ದವರ ಕಡೆಯಿಂದಲೂ ಒಮ್ಮೆ ನೋಡಬೇಕು, ಇಲ್ಲದಿದ್ದರೆ ಲೆಕ್ಕ ಒಂದು ಕಡೆಗೆ ವಾಲುತ್ತೆ. ಸಾರಿಗೆ ನೌಕರರನ್ನ ತಗೊಳ್ಳಿ. 2020ರ ಡಿಸೆಂಬರ್‌ನಲ್ಲಿ ನಾಲ್ಕು ದಿನ, 2021ರ ಏಪ್ರಿಲ್ 7ರಿಂದ ಎರಡು ವಾರ ಬಸ್ ನಿಂತಿತ್ತು. ಗುಂಡ್ಲುಪೇಟೆ ಡಿಪೋದಿಂದ ಹಿಡಿದು ಇಡೀ ರಾಜ್ಯದಲ್ಲಿ ಅದೇ ಕಥೆ. ಖಾಯಂ ಇದ್ದವರೇ ನಮ್ಮನ್ನ ಸರ್ಕಾರಿ ನೌಕರರು ಅಂತ ಪರಿಗಣಿಸಿ, ಆರನೇ ವೇತನ ಆಯೋಗ ಕೊಡಿ ಅಂತ ಕೂತರು. ಹರ್ಜ್‌ಬರ್ಗ್ ಹೇಳಿದ ಹಾಗೆ, ಭದ್ರತೆ ಅವರಿಗೆ ತೃಪ್ತಿ ಕೊಟ್ಟಿರಲಿಲ್ಲ. ಅದು ಕೊಟ್ಟಿದ್ದು ಜಗಳ ಆಡೋ ಧೈರ್ಯ. ಮುಷ್ಕರದಲ್ಲಿ ಮೊದಲು ನೋಟಿಸ್ ಹೋಗಿದ್ದು, ಕೆಲಸದಿಂದ ತೆಗೆಯೋ ಮಾತು ಬಂದಿದ್ದು ಇನ್ನೂ ತರಬೇತಿಯಲ್ಲಿದ್ದವರಿಗೆ.

ಅಸಮಾಧಾನ ಇದ್ದವನ ಮುಂದೆ ಎರಡು ದಾರಿ, ಹೊರಗೆ ಹೋಗೋದು ಅಥವಾ ದನಿ ಎತ್ತೋದು ಅಂತ ಹಿರ್ಷ್‌ಮನ್ 1970ರಲ್ಲಿ ಬರೆದ. ಬಸ್ ಕಂಡಕ್ಟರ್‌ಗೆ ಎರಡನೇದು ಇದೆ. ಐಟಿಯವರಿಗೆ, ಮಾರ್ಕೆಟ್ ಚೆನ್ನಾಗಿದ್ದಾಗ, ಮೊದಲನೇದು ಇದೆ. ಮೇಷ್ಟ್ರು ಮತ್ತು ವಾಚರ್‌ಗೆ ಒಬ್ಬೊಬ್ಬರಾಗಿ ನೋಡಿದರೆ ಎರಡೂ ಇಲ್ಲ. ಹತ್ತು ಸಾವಿರ ಜನ ಒಟ್ಟಿಗೆ ನಡೆದಾಗ ಮಾತ್ರ ದನಿ ಬರುತ್ತೆ.

ಬಿಡೋದೇ ಒಂದು ಲೆಕ್ಕಾಚಾರ ಆಗಿರೋ ಕಡೆಯೂ ಇದೆ. ನಮ್ಮ ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕಂದಿರು ಒಂದೇ ಫ್ಯಾಕ್ಟರಿಯಲ್ಲಿ ಬಹಳ ವರ್ಷ ನಿಲ್ಲೋದು ಕಡಿಮೆ. ಮದುವೆ, ಹೆರಿಗೆ, ಮಗು ನೋಡ್ಕೊಳ್ಳೋರಿಲ್ಲ, ಸೂಪರ್‌ವೈಸರ್ ಬೈಗುಳ ಹೀಗೆ ಕಾರಣ ಬೇಕಾದಷ್ಟಿವೆ. ಐದು ವರ್ಷ ತುಂಬದೆ ಬಿಟ್ಟರೆ ಗ್ರಾಚ್ಯುಟಿ ಇಲ್ಲ. ಕೈಗೆ ಸಿಗೋ ಗಟ್ಟಿ ದುಡ್ಡು ಅಂದರೆ ಪಿಎಫ್. ಮಗಳ ಮದುವೆ, ಮನೆ ಸೂರು ಎಲ್ಲ ಅದರಲ್ಲೇ. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ಅನ್ನ 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅಂತ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳಿಗೆ ಇಳಿದಿದ್ದು ಈ ಹೆಣ್ಣುಮಕ್ಕಳೇ, ಹೇಳ್ಕೊಳ್ಳೋ ನಾಯಕರಿಲ್ಲದೆ. 19ರ ಸಂಜೆಗೆ ನಿಯಮ ವಾಪಸ್. ಕೆಲಸದಲ್ಲಿ ಭದ್ರತೆ ಇಲ್ಲದವರು ತಮ್ಮ ಭದ್ರತೆಯನ್ನ ಕೆಲಸ ಬಿಡೋದರಲ್ಲಿ ಇಟ್ಕೊಂಡಿದ್ದರು. ಅದಕ್ಕೂ ಕೈ ಹಾಕಿದಾಗ ಸಿಟಿ ನಿಂತುಹೋಯ್ತು.

ಈಗ ನಮ್ಮ ವಿಷಯಕ್ಕೆ ಬರೋಣ. ಮನೆಯಲ್ಲಿ ‘ಎಂಜಿನಿಯರಿಂಗ್ ಮುಗಿಸಿ ಒಂದು ಎಫ್‌ಡಿಎ ಆದ್ರೂ ಕಟ್ಟು’ ಅಂದಾಗ ನಾವೆಲ್ಲ ನಗ್ತೀವಿ. ಆದರೆ ಬಿಇ ಮುಗಿಸಿ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಸೇರಿದ ಸೀನಿಯರ್‌ಗಳು ಪ್ರತಿ ಬ್ಯಾಚ್‌ನಲ್ಲೂ ಇದ್ದಾರೆ. ಅವರನ್ನ ಸೋಮಾರಿಗಳು ಅನ್ನೋ ಮುಂಚೆ ಪಕ್ಕದ ಮೈಸೂರನ್ನ ನೋಡಿ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೇನಿಗಳನ್ನ, ಮೂರು ಅವಕಾಶದಲ್ಲೂ ಒಳಗಿನ ಪರೀಕ್ಷೆ ಪಾಸಾಗಲಿಲ್ಲ ಅನ್ನೋ ಕಾರಣ ಕೊಟ್ಟು ಕಳಿಸಲಾಯ್ತು. ಅವರಲ್ಲಿ 2022ರಲ್ಲೇ ಆಫರ್ ಸಿಕ್ಕಿ, ಎರಡು ವರ್ಷಕ್ಕೂ ಹೆಚ್ಚು ಕಾದು ಸೇರಿದವರೂ ಇದ್ದರು. ಆ ಎರಡು ವರ್ಷದ ಕಾಯುವಿಕೆ ಮೇಷ್ಟ್ರ ಹನ್ನೊಂದು ವರ್ಷದ್ದೇ ಜಾತಿಯದು. ಕೈಯಲ್ಲಿ ಕೆಲಸ ಇಲ್ಲ, ಬೇರೆ ಹುಡುಕೋ ಮನಸ್ಸೂ ಇಲ್ಲ, ಯಾಕಂದ್ರೆ ಕಾಗದ ಒಂದು ಇದೆ.

ಬಾಂಡ್ ವಿಷಯ ಕೂಡ ಇದರಲ್ಲೇ ಬರುತ್ತೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬೋ ಮುಂಚೆ 2017ರಲ್ಲಿ ಕೆಲಸ ಬಿಟ್ಟಿದ್ದಕ್ಕೆ 2 ಲಕ್ಷ ರೂಪಾಯಿ ಕಟ್ಟಬೇಕಾಯ್ತು. ಅಂಥ ಷರತ್ತು ಕಾನೂನಿಗೆ ವಿರುದ್ಧ ಅಲ್ಲ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಬ್ಯಾಂಕು ಖಾಯಂ ಹುದ್ದೆಗೆ ದೇಶವಿಡೀ ಜಾಹೀರಾತು ಕೊಟ್ಟು ನೇಮಕ ಮಾಡಿತ್ತು ಅನ್ನೋದು ನೆನಪಿರಲಿ. ಖಾಯಂ ಕೊಟ್ಟು ಬಾಂಡ್ ಕೇಳೋದು ಒಂದು. ಪ್ರೊಬೇಷನ್‌ನಲ್ಲಿ ಯಾವಾಗ ಬೇಕಾದ್ರೂ ತೆಗೀತೀವಿ, ಆದರೆ ನೀನು ಎರಡು ವರ್ಷ ಬಿಡೋ ಹಾಗಿಲ್ಲ ಅನ್ನೋದು ಇನ್ನೊಂದು. ಎರಡನೇ ನಮೂನೆಯ ಕಾಗದಕ್ಕೆ ಸಹಿ ಹಾಕಿದ ಹುಡುಗ ಕೆಲಸದಲ್ಲಿ ಉಳೀತಾನೆ, ಕಂಪನಿಯ ಅಟ್ರಿಷನ್ ಚಾರ್ಟ್ ಚೆನ್ನಾಗಿ ಕಾಣುತ್ತೆ. ಅವನ ತಲೆಯೊಳಗಿನ ಮೀಟರ್ ಯಾರೂ ಓದಲ್ಲ.

ಮುಂದಿನ ತಿಂಗಳು ಫೈನಲ್ ಇಯರ್‌ನವರ ಪ್ಲೇಸ್‌ಮೆಂಟ್ ಶುರು. ಸಿಟಿಸಿ ಎಷ್ಟು ಅಂತ ಎಲ್ಲರೂ ಕೇಳ್ತೀರಿ, ನಾವೂ ಕೇಳ್ತೀವಿ. ಜೊತೆಗೆ ಇನ್ನು ಮೂರು ಕೇಳಿ ನೋಡಿ. ಸೇರೋ ತಾರೀಕು ಲೆಟರ್‌ನಲ್ಲಿ ಇದೆಯಾ? ಪ್ರೊಬೇಷನ್ ಎಷ್ಟು ತಿಂಗಳು, ಅದು ಯಾರ ಮಾತಿನ ಮೇಲೆ ಮುಗಿಯುತ್ತೆ? ನಾವು ಬಿಡಬೇಕಾದ್ರೆ ಎಷ್ಟು ದಿನದ ನೋಟಿಸ್, ಅವರು ಕಳಿಸಬೇಕಾದ್ರೆ ಎಷ್ಟು ದಿನ? ಕಳೆದ ವರ್ಷದ ಒಬ್ಬ ಸೀನಿಯರ್ ತಮ್ಮ ಲೆಟರ್ ನಮಗೆ ತೋರಿಸಿದರು. ಮೊದಲನೇದು 90 ದಿನ, ಎರಡನೇದರ ಮುಂದೆ ‘ತಕ್ಷಣ’ ಅಂತ ಇತ್ತು. ಅವರು ಅದನ್ನ ಸಹಿ ಹಾಕಿದ ಮೇಲೆ ಓದಿದ್ದರು.